ಪಟ್ಟಿಯಲ್ಲಿಲ್ಲದ ಗೋಡೆ

ಸೆಮರಾಂಗ್
3 ಮೇ 1994

ಬಾಪಾಕ್,

ನಿಮ್ಮ ಮಂಡಿಗೆ ಹಣೆ ಹಚ್ಚಿ ಬರೆಯುತ್ತಿದ್ದೇನೆ. ನಿಂತಿದ್ದರೆ ಮೊದಲು ಕುಳಿತುಕೊಳ್ಳಿ. ನಮ್ಮ ಕಾಲಿಲೆಗಿ ಸಕ್ಕರೆ ಕಾರ್ಖಾನೆ ಸಂರಕ್ಷಿತ ಪಟ್ಟಿಗೆ ಸೇರಿತು! ನಿನ್ನೆ ಮಧ್ಯಾಹ್ನ ನಮ್ಮ ಪುರಾತತ್ವ ಕಚೇರಿಯಲ್ಲಿ ಆದೇಶಕ್ಕೆ ಸಹಿ ಬಿತ್ತು. ನನಗೆ ಇನ್ನೂ ನಂಬಿಕೆ ಬಂದಿಲ್ಲ. ಅದನ್ನು ಕಪಾಟಿನಿಂದ ತೆಗೆದು ನೋಡುವುದು, ಮತ್ತೆ ಒಳಗಿಡುವುದು, ಬೆಳಗಿನಿಂದ ಇದೇ ಕೆಲಸವಾಗಿದೆ. ಹತ್ತೊಂಬತ್ತು ವರ್ಷ ಆಡು ಮೇಯಿಸಿ, ಬಾಗಿಲು ಕಿಟಕಿ ಕಿತ್ತು, ಕಬ್ಬಿಣ ಬಿಚ್ಚಿ ಮಾರಿಕೊಂಡ ಪಾಳುಗೋಡೆಗಳನ್ನು ಇನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಜೈಲು. ಹಾಗೆಂದು ಬರೆದ ಫಲಕ ಲಾರಿಯಲ್ಲಿ ಬರುತ್ತದೆ, ಮುಂಬಾಗಿಲಲ್ಲಿ ನೆಡಿಸಿ. ಕಾವಲುಗಾರ ಎಂದು ನಿಮ್ಮ ಹೆಸರನ್ನೇ ಹಾಕಿಸಿದ್ದೇನೆ. ಇಪ್ಪತ್ತಾರು ವರ್ಷ ಅಲ್ಲಿ ಬಾಯ್ಲರಿಗೆ ಬೆಂಕಿ ಹಾಕಿದವರು, ಮುಚ್ಚಿದ ಮೇಲೂ ಸಂಬಳವಿಲ್ಲದೆ ಕಾದವರು ನೀವು. ಬೇರೆ ಯಾರ ಹೆಸರು ಹಾಕಲಿ?

ಈಗ ಕೆಲಸದ ಮಾತು. ಚಿಮಣಿ ವಾಲುತ್ತಿದೆ. ಹಿಂದೆ ಊರಿನ ಮುಖ್ಯಸ್ಥರು ಸಿಮೆಂಟು ಮೆತ್ತಿಸಿದ ಕಡೆಯಲ್ಲೇ ಇಟ್ಟಿಗೆ ಪದರ ಪದರವಾಗಿ ಉದುರುತ್ತಿದೆ. ಬುಡದಿಂದ ಮೊದಲ ಕಬ್ಬಿಣದ ಬಳೆಯ ತನಕ ಸಂದುಗಳನ್ನೆಲ್ಲ ಕೆರೆದು ಹೊಸ ಗಾರೆ ತುಂಬದಿದ್ದರೆ ಈ ಸಲದ ಮಳೆಯನ್ನು ಅದು ತಡೆಯುವುದಿಲ್ಲ ಎಂದು ನಮ್ಮ ಎಂಜಿನಿಯರ್ ಹೇಳಿದ್ದಾರೆ. ವಾಲಿರುವುದು ಶಾಲೆಯ ಕಡೆಗೆ ಎಂಬುದು ನಿಮಗೆ ಗೊತ್ತೇ ಇದೆ. ಸಿಮೆಂಟು ಒಂದು ಚಿಟಿಕೆಯೂ ಕೂಡದು. ಕಟ್ಟಿದವರು ಹಾಕಿದ್ದನ್ನೇ ಹಾಕಬೇಕು: ಸುಣ್ಣ, ಮರಳು, ಹಳೆ ಇಟ್ಟಿಗೆಯ ಪುಡಿ. ಈಗಿನ ಇಟ್ಟಿಗೆ ಅರೆಬೆಂದದ್ದು, ಕುಟ್ಟಿದರೆ ಬರೀ ಮಣ್ಣು. ಚಿಮಣಿಯ ಇಟ್ಟಿಗೆಯಷ್ಟೇ ಹಳೆಯದನ್ನು, ಅಷ್ಟೇ ಚೆನ್ನಾಗಿ ಬೆಂದದ್ದನ್ನು ಹುಡುಕಿ ಕುಟ್ಟಿಸಿ. ಅರವತ್ತು ಸೀಮೆಎಣ್ಣೆ ಡಬ್ಬ ಪುಡಿ ಬೇಕು.

ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹನ್ನೊಂದು ಕಟ್ಟಡಗಳಿವೆ. ಅವುಗಳಿಂದ ಒಂದೇ ಒಂದು ಇಟ್ಟಿಗೆಯನ್ನೂ ಎತ್ತಬೇಡಿ, ಕೆಳಗೆ ಬಿದ್ದದ್ದಾದರೂ ಸರಿ.

ಲವಂಗದ ಸಿಗರೇಟು ಕಡಿಮೆ ಮಾಡಿ ಎಂದು ಬರೆಯುವುದಿಲ್ಲ. ಬರೆದರೆ ಜಾಸ್ತಿ ಮಾಡುತ್ತೀರಿ.

ನಿಮ್ಮ ಮಗಳು
ವಾರ್ಸಿತಿ


ಕಾಲಿಲೆಗಿ
21 ಮೇ 1994

ಸಿತಿ ಮಗಳೇ,

ಫಲಕ ಬಂತು, ನೆಟ್ಟೆವು. ಊರು ದಂಗಾಗಿದೆ. ಮೂರು ದಿನದಿಂದ ಜನ ಅದರ ಮುಂದೆ ನಿಂತು ಓದುವುದು, ಬಾಯಿ ಬಿಡುವುದು, ಹೋಗುವುದು. ನೆರೆಮನೆಯ ಮಾರ್ಜುಕಿ ಬಂದು ಕೇಳಿದ, "ಪಾಕ್, ನನ್ ಆಡು ಒಳಗೆ ನುಗ್ಗಿದ್ರೆ ಜೈಲು ಆಡಿಗೋ, ನನಗೋ?"

"ಆಡಿಗೆ ಓದಕ್ ಬರಲ್ಲ, ನಿನಗೇ," ಅಂದೆ. ಅವತ್ತಿನಿಂದ ಆಡನ್ನು ಕಟ್ಟಿ ಹಾಕಿದ್ದಾನೆ.

ನಿನ್ನ ಪಟ್ಟಿಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ್ದೇನೆ. ಚಿಮಣಿ, ಬಾಯ್ಲರ್ ಮನೆ, ತೂಕದ ಮನೆ, ಡಚ್ ಸಾಹೇಬರ ಬಂಗಲೆ, ಸಾಹೇಬರ ಕುದುರೆ ಲಾಯ, ಎಲ್ಲ ಇದೆ. ಮೂರು ಸಲ ಓದಿದೆ. ಕನ್ನಡಕದ ಒಂದು ಕಾಲು ಮುರಿದಿದೆ, ಕೈಯಲ್ಲಿ ಹಿಡಿದುಕೊಂಡೇ ಓದಿದೆ. ಹನ್ನೊಂದೇ ಏನು? ಬೇರೇನೂ ಇಲ್ಲವೇ?

ಹಳೆ ಇಟ್ಟಿಗೆಗೆ ಸುತ್ತಲ ನಾಲ್ಕು ಊರು ತಿರುಗಿದೆ. ಮನೆಗಳೆಲ್ಲ ಬಿದಿರಿನವು. ರೈಲು ನಿಲ್ದಾಣದ ಇಟ್ಟಿಗೆಯನ್ನು ಜನ ಎಂದೋ ಬಾವಿ ಕಟ್ಟೆಗೆ ಹಾಕಿಕೊಂಡಿದ್ದಾರೆ.

ಕುಟ್ಟಲು ಮಾತ್ರ ಆಳು ಸಿಕ್ಕಿದ್ದಾರೆ. ಬು ಜುಮಿನೆಮ್ ಮತ್ತು ಅವಳ ಜೊತೆ ಐವರು, ನಿನ್ನನ್ನು ಹೆತ್ತ ಇಬುವಿನ ಜೊತೆ ಕಾರ್ಖಾನೆಯಲ್ಲಿ ಗೋಣಿ ಹೊಲಿಯುತ್ತಿದ್ದವರೇ. "ಪಾರ್ತಿನಿ ಮಗಳು ಕೆಲಸ ಕೊಟ್ಟವಳಂತೆ," ಎಂದು ನಾನು ಕರೆಯುವ ಮೊದಲೇ ಒನಕೆ ಹೊತ್ತು ಅಂಗಳಕ್ಕೆ ಬಂದುಬಿಟ್ಟರು.

ನಿನ್ನ ಬಾಪಾಕ್
ಸಕಿರಾನ್


ಸೆಮರಾಂಗ್
6 ಜೂನ್ 1994

ಬಾಪಾಕ್,

ಅವಸರದಲ್ಲಿ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡಿ. ಹೌದು, ಹನ್ನೊಂದೇ. 1911ರ ನಕ್ಷೆಯಲ್ಲಿರುವುದೇ ಅಷ್ಟು. ಪಟ್ಟಿಯಲ್ಲಿರುವುದು ಕಚೇರಿಯದ್ದು. ಉಳಿದದ್ದು ಕಚೇರಿಗೆ ಸೇರಿದ್ದಲ್ಲ, ಅದನ್ನು ನನ್ನ ಹತ್ತಿರ ಕೇಳಬೇಡಿ, ನಿಮಗೆ ತೋಚಿದಂತೆ ಮಾಡಿ.

ಜುಲೈ ಮೊದಲ ವಾರ ಗಾರೆಯವರು ಬರುತ್ತಾರೆ. ಅಷ್ಟರಲ್ಲಿ ಪುಡಿ ಸಿದ್ಧವಿರಲೇಬೇಕು. ಇಲ್ಲದಿದ್ದರೆ ಈ ವರ್ಷದ ಕೆಲಸ ಕೈತಪ್ಪಿಹೋಗುತ್ತದೆ, ನನ್ನ ಮುಖಕ್ಕೆ ಮಸಿ.

ವಾರ್ಸಿತಿ


ಕಾಲಿಲೆಗಿ
18 ಜುಲೈ 1994

ಸಿತಿ ಮಗಳೇ,

ನಿನ್ನ ಮುಖಕ್ಕೆ ಮಸಿ ಬಳಿಯುವ ಕೆಲಸ ಆಗಲಿಲ್ಲ. ನೀನು ಅರವತ್ತು ಕೇಳಿದ್ದೆ, ಅರವತ್ತೆರಡು ಡಬ್ಬ ಆಯಿತು. ಹಳದಿ ಅನ್ನದ ಗೋಪುರ ಮಾಡಿ, ದುವಾ ಓದಿಸಿ, ಚಿಮಣಿಯ ಬುಡದಲ್ಲೇ ಊರಿಗೆಲ್ಲ ಹಂಚಿ ಕೆಲಸ ಶುರು ಮಾಡಿದೆವು. ಗಾರೆಯ ರಕಿಮಿನ್ ಪುಡಿಯನ್ನು ಬೆರಳಲ್ಲಿ ಉಜ್ಜಿ, ನಾಲಗೆಗೆ ಹಚ್ಚಿ ನೋಡಿ, "ಇಂಥಾ ಇಟ್ಟಿಗೆ ಎಲ್ ಸಿಕ್ತು ಪಾಕ್? ಹಿಂಗೆ ಸುಡೋರು ಈಗ ಯಾರಿದಾರೆ?" ಅಂದ. ಸಿಕ್ಕಿತು ಅಂದೆ.

ಪಟ್ಟಿಯಲ್ಲಿರುವ ಒಂದನ್ನೂ ಮುಟ್ಟಿಲ್ಲ. ಬಂಗಲೆಯ ಮಾಡಿನಿಂದ ಜಾರಿಬಿದ್ದ ಹೆಂಚನ್ನು ಸಹ ಬಿದ್ದಲ್ಲೇ ಬಿಟ್ಟಿದ್ದೇನೆ.

ಈ ಹೆಂಗಸರನ್ನು ನೀನು ಬಲ್ಲೆ. ಹಲ್ಲು ಹೋದರೂ ಬಾಯಿ ಹೋಗದವರು, ನನ್ನನ್ನು ಕಂಡರೆ ಸಾಕು, ಗೇಲಿ ಮಾಡದೆ ಬಿಡದವರು. ಮೂರು ವಾರ ಭತ್ತ ಕುಟ್ಟುವ ಮರದ ದೋಣಿಯ ಸುತ್ತ ನಿಂತು ಇಟ್ಟಿಗೆ ಕುಟ್ಟಿದರು. ತುಟಿಪಿಟಕ್ ಎನ್ನಲಿಲ್ಲ.

ನೀನೊಮ್ಮೆ ಬಂದು ಹೋಗಿದ್ದರೆ ಚೆನ್ನಾಗಿತ್ತು. ಬರಲೇಬೇಕೆಂದಲ್ಲ.

ನಿನ್ನ ಬಾಪಾಕ್


ಸೆಮರಾಂಗ್
12 ಆಗಸ್ಟ್ 1994

ಬಾಪಾಕ್,

ಫೋಟೋ ತೆಗೆಯಲು ಕಳಿಸಿದ್ದ ನಮ್ಮ ಹುಡುಗ ನಿನ್ನೆ ಕಾಲಿಲೆಗಿಯಿಂದ ಬಂದ. ಫೋಟೋಗಳನ್ನು ಮೇಜಿನ ಮೇಲೆ ಹರಡಿದೆವು. ಎಲ್ಲರೂ ಹೊಗಳಿದರು. ಸಂದುಗಳು ಎಷ್ಟು ಚೊಕ್ಕವಾಗಿವೆ, ಬಣ್ಣ ಎಷ್ಟು ಹೊಂದಿದೆ ಎಂದು ಎಂಜಿನಿಯರ್ ಎರಡು ಸಲ ಹೇಳಿದರು. ನಾನೂ ನಗುತ್ತ ನೋಡುತ್ತಿದ್ದೆ. ಆರನೆಯ ಫೋಟೋದಲ್ಲಿ ಚಿಮಣಿಯ ಹಿಂದೆ ತೆಂಗಿನ ಮರಗಳು ಕಾಣುತ್ತಿವೆ.

ಚಿಮಣಿಯ ಹಿಂದೆ ತೆಂಗಿನ ಮರ ಕಾಣುವುದಿಲ್ಲ ಬಾಪಾಕ್. ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಅಲ್ಲಿ ಹೆಂಗಸರು ಗೋಣಿ ಹೊಲಿಯುತ್ತಿದ್ದ ಗೋಣಿಮನೆ ಇದೆ. ಇಬುವಿನ ಕೈಗುರುತು ಇರುವ ಗೋಡೆ ಇದೆ.

ಹುಡುಗನನ್ನು ಕೇಳಿದೆ. "ಅಲ್ಲೇನೂ ಇರ್ಲಿಲ್ವಲ್ಲ ಬು, ಬರೀ ಬಯಲು," ಅಂದ.

ಬೇರೆ ಕಡೆ ನಿಂತು ತೆಗೆದಿರಬೇಕು, ಅಲ್ಲವೇ? ಹೌದೆಂದು ಬರೆಯಿರಿ. ಇವತ್ತೇ ಬರೆಯಿರಿ.

ಸಿತಿ


ಕಾಲಿಲೆಗಿ
19 ಆಗಸ್ಟ್ 1994

ಸಿತಿ,

ಬೇರೆ ಕಡೆಯಿಂದ ತೆಗೆದದ್ದಲ್ಲ. ಗೋಣಿಮನೆ ಇಲ್ಲ. ಗೋಡೆ ಡಬ್ಬಗಳಿಗೆ ಹೋಯಿತು, ಡಬ್ಬಗಳಲ್ಲಿದ್ದದ್ದು ಚಿಮಣಿಗೆ ಹೋಯಿತು.

ಹಳೆ ಇಟ್ಟಿಗೆ, ಚೆನ್ನಾಗಿ ಬೆಂದದ್ದು, ಚಿಮಣಿಯ ಇಟ್ಟಿಗೆ ಸುಟ್ಟ ಗೂಡಿನದೇ. ನಿನ್ನ ಪಟ್ಟಿಯ ಹೊರಗೆ ಅಂಥದ್ದು ಇದ್ದದ್ದು ಅದೊಂದರಲ್ಲೇ.

ನಿನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿದ್ದೇ ಬರೆದಿದ್ದೀಯ ಎಂದುಕೊಂಡಿದ್ದೆ. ನಿನ್ನ ಕಾಗದ ಓದಿದಾಗಿನಿಂದ ಜಗಲಿಯ ಮೇಲೆ ಕುಳಿತೇ ಇದ್ದೇನೆ. ಮಾರ್ಜುಕಿಯ ಹೆಂಡತಿ ಅನ್ನ ತಂದಿಟ್ಟು ಹೋದಳು. ಹಾಗೇ ಇದೆ.

ಬಾಪಾಕ್


ಸೆಮರಾಂಗ್
29 ಆಗಸ್ಟ್ 1994

ಗೊತ್ತಿದೆ ಎಂದುಕೊಂಡಿರಾ? ಹೆತ್ತವಳ ಕೈಯನ್ನು ಕುಟ್ಟಿ ಪುಡಿ ಮಾಡಿ ಎಂದು ಯಾವ ಮಗಳು ಬರೆಯುತ್ತಾಳೆ?

ನಿಮ್ಮ ಕಾಗದ ಬಂದಾಗಿನಿಂದ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಒನಕೆಯ ಸದ್ದು ಕೇಳುತ್ತದೆ. ಕಳ್ಳರು ಕೆಡವಿದ್ದರೆ ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ಕಾವಲುಗಾರನೇ ಕೆಡವಿದರೆ ಯಾರಿಗೆ ಶಾಪ ಹಾಕಲಿ? ಆ ಗೋಡೆ ಏನೆಂದು ನನಗೆ ಹೇಳಿಕೊಟ್ಟವರು ನೀವೇ. ಗೋಣಿ ಹೊಲಿಯಲು ಹೊಸದಾಗಿ ಸೇರಿದ ಹೆಂಗಸು ತನ್ನ ಮೊದಲ ಹಂಗಾಮು ಮುಗಿದ ದಿನ ಕಾಕಂಬಿಯಲ್ಲಿ ಮಸಿ ಕಲಸಿ, ಅಂಗೈ ಅದ್ದಿ ಅಲ್ಲಿ ಒತ್ತಬೇಕಿತ್ತು. ಜನ್ಮಕ್ಕೆ ಒಂದೇ ಸಲ. ನಾನು ಎಣಿಸಿದಾಗ ಎಪ್ಪತ್ತಮೂರು ಕೈಗಳಿದ್ದವು. ನನಗೆ ಇಬುವಿನ ಮುಖ ನೆನಪಿಲ್ಲ, ನಮ್ಮ ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಐದು ವರ್ಷದ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋದಿರಿ. ದಬ್ಬಳ ಚುಚ್ಚಿ ಸೊಟ್ಟಗಾದ ಹೆಬ್ಬೆರಳನ್ನು ತೋರಿಸಿ, "ಇಗೋ, ಇಬು ಇಲ್ಲೇ ಇದಾಳೆ," ಅಂದಿರಿ. ನಾನು ಅದರ ಮೇಲೆ ನನ್ನ ಕೈ ಇಟ್ಟೆ. ನನಗೆ ತಾಯಿ ಎಂದರೆ ಅಷ್ಟೇ ಬಾಪಾಕ್, ಬೆಚ್ಚಗಿದ್ದ ಒಂದು ಗೋಡೆ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ಎರಡು ದಿನ ಬಿಟ್ಟು ಮತ್ತೆ ಕುಳಿತಿದ್ದೇನೆ, ಏಕೆಂದರೆ ಮೇಲಿನದನ್ನಷ್ಟೇ ಕಳಿಸಿದರೆ ನಾನು ಸುಳ್ಳಿ.

ಗೋಣಿಮನೆಯನ್ನು ನಾನು ಮರೆತಿರಲಿಲ್ಲ. ಹನ್ನೆರಡನೆಯದು ಎಂದು ಬರೆದೂ ಇದ್ದೆ, ಆಮೇಲೆ ಹೊಡೆದು ಹಾಕಿದೆ. ನಕ್ಷೆಯ ಮಾತು ಬರೀ ನೆಪ. ಸಕ್ಕರೆ ಕಾರ್ಖಾನೆಯ ನೆವದಲ್ಲಿ ತನ್ನ ತಾಯಿಯ ಗೋಡೆಯನ್ನೂ ತುರುಕಿದ್ದಾಳೆ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಾರೆಂದು ಹೆದರಿದೆ. ಪಟ್ಟಿಯಲ್ಲಿ ಇಲ್ಲದಿದ್ದರೂ ಅದು ಎಲ್ಲಿಗೆ ಹೋದೀತು, ಇಷ್ಟು ವರ್ಷ ಇದ್ದಂತೆ ನಮ್ಮ ಪಾಲಿಗೆ ಇರುತ್ತದೆ ಅಂದುಕೊಂಡೆ. ನೀವಿದ್ದೀರಲ್ಲ ಅಂದುಕೊಂಡೆ.

ಒಂದು ಮಾತು ಕೇಳಬಾರದಿತ್ತೇ ನೀವು?

ಸಿತಿ


ಕಾಲಿಲೆಗಿ
11 ಸೆಪ್ಟೆಂಬರ್ 1994

ಸಿತಿ ಮಗಳೇ,

ಕೇಳಿದ್ದೆ. ಮೇ ತಿಂಗಳ ನನ್ನ ಕಾಗದ ಇದ್ದರೆ ತೆಗೆದು ನೋಡು. ಹನ್ನೊಂದೇ ಏನು, ಬೇರೇನೂ ಇಲ್ಲವೇ ಎಂದು ಬರೆದಿದ್ದೇನೆ.

ಗೋಣಿಮನೆ ಎಂದು ಹೆಸರು ಹಿಡಿದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ನೀನು ಅದನ್ನು ಮರೆತಿರುವುದು ನನಗೆ ಗೊತ್ತಾಗಿಬಿಡುತ್ತದೆ ಎಂದು ಭಯವಾಯಿತು. ಗೊತ್ತಿದ್ದೂ ಬಿಟ್ಟಿದ್ದಾಳೆ, ಓದಿದವಳು, ಏನೋ ಕಾರಣವಿರಬೇಕು ಎಂದುಕೊಳ್ಳುವುದೇ ಸುಲಭವಾಗಿತ್ತು. ಇದು ನನ್ನ ತಪ್ಪು. ಇದನ್ನು ನಿನ್ನ ತಪ್ಪಿನ ಜೊತೆ ಸೇರಿಸಬೇಡ, ಬೇರೆಯೇ ಇಡು.

ಅವತ್ತು ಆದದ್ದನ್ನು ಬರೆಯುತ್ತೇನೆ. ಹೆಂಚು ಇಳಿಸಿ, ಗೋಡೆ ಬಿಸಿಲಿಗೆ ಬಿದ್ದಾಗ ಕೈಗಳೆಲ್ಲ ಎದ್ದು ಕಂಡವು. ಒಳಗಿನ ಕತ್ತಲಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ನೋಡಿರಲಿಲ್ಲ. ಆರು ಜನವೂ ಒನಕೆ ಹಿಡಿದು ನಿಂತುಬಿಟ್ಟರು.

"ಪಾಕ್, ಇದನ್ನೂನಾ?" ಅಂದಳು ಜುಮಿನೆಮ್.

"ಪಟ್ಟೀಲಿ ಇಲ್ಲ ಬು."

"ಸಾಯೇಬ್ರ ಕುದ್ರೆ ಲಾಯ ಐತಾ?"

"ಐತೆ."

ಅವಳು ನಕ್ಕಳು. "ಹಂಗಾದ್ರೆ ಸರಿ ಬಿಡು. ಕುದ್ರೆಗೆ ಐತೆ, ನಮಗಿಲ್ಲ. ನಾವೇನು ಹೊಸದಾಗಿ ನೋಡ್ತಿದೀವಾ ಇದನ್ನ?" ಆಮೇಲೆ ಶಾಲೆಯ ಕಡೆ ತಿರುಗಿ ನೋಡಿದಳು. ಅವಳ ಮೂರು ಮೊಮ್ಮಕ್ಕಳು ಅಲ್ಲಿ ಓದುತ್ತವೆ. "ಅದು ಮಕ್ಕಳ ಮ್ಯಾಲೆ ಬೀಳೋದು ಬ್ಯಾಡ. ಕುಟ್ರೇ."

ಒಂದು ಕೈ ಒಂದು ಇಟ್ಟಿಗೆಯಲ್ಲಿ ಹಿಡಿಸುವುದಿಲ್ಲ ಮಗಳೇ. ಅಂಗೈ ಒಂದರಲ್ಲಿ, ಬೆರಳು ಮೇಲಿನ ಎರಡರಲ್ಲಿ, ಒಟ್ಟು ಮೂರು ಬೇಕು. ಆರು ಜನವೂ ತಮ್ಮ ತಮ್ಮ ಮೂರನ್ನು ತಾವೇ ಬಿಡಿಸಿಕೊಂಡರು. ಅವರಲ್ಲಿ ಪೈಯೆಮ್‌ಗೆ ಕಣ್ಣು ಮಂದ. ಅವಳು ಗೋಡೆ ತಡವುತ್ತ, "ನಂದೆಲ್ಲಿ ಹೋಯ್ತೇ? ನಂದೆಲ್ಲಿ?" ಎನ್ನುತ್ತಿದ್ದಳು. ಉಳಿದವರು ಅವಳ ಕೈ ಹಿಡಿದು ಅದರ ಮೇಲೆ ಇಟ್ಟರು. ಒಬ್ಬಳದನ್ನು ಇನ್ನೊಬ್ಬಳು ಕುಟ್ಟಲಿಲ್ಲ. ಸತ್ತವರದನ್ನು ಮಾತ್ರ ಎಲ್ಲರೂ ಸೇರಿ ಕುಟ್ಟಿದರು.

ನಾನು ಜರಡಿ ಹಿಡಿದಿದ್ದೆ.

ನಿನ್ನ ಬಾಪಾಕ್


ಸೆಮರಾಂಗ್
26 ಸೆಪ್ಟೆಂಬರ್ 1994

ಬಾಪಾಕ್,

ನಿಮ್ಮ ಮಂಡಿಗೆ ಹಣೆ ಹಚ್ಚುತ್ತೇನೆ. ಬು ಜುಮಿನೆಮ್‌ಳ ಮಂಡಿಗೂ, ಬು ಪೈಯೆಮ್‌ಳ ಮಂಡಿಗೂ. ನಾನು ಇಬು ಒಬ್ಬಳ ಕೈಗಾಗಿ ಅತ್ತೆ. ಕುಟ್ಟಿದವರೇ ಆ ಕೈಗಳವರು ಎಂದು ಓದಿದ ಮೇಲೆ ಅಳುವುದಕ್ಕೂ ನಾಚಿಕೆಯಾಯಿತು.

ಪಟ್ಟಿಯನ್ನು ತಿದ್ದಿದೆ. ಹನ್ನೆರಡು: ಗೋಣಿಮನೆಯ ಗೋಡೆ, ಎಪ್ಪತ್ತಮೂರು ಕೈಗುರುತು. ಈಗಿನ ಸ್ಥಿತಿ: ಇಲ್ಲ. ನಾಶಕ್ಕೆ ಕಾರಣ ಎಂಬ ಕಡೆ ನನ್ನ ಹೆಸರು ಬರೆದು ಸಹಿ ಹಾಕಿದೆ. ಮೇಲಧಿಕಾರಿ ಹೌಹಾರಿದರು. "ಇಲ್ಲದ ಗೋಡೇನ ಪಟ್ಟಿಗೆ ಸೇರ್ಸೋದನ್ನ ಎಲ್ಲಾದ್ರೂ ಕಂಡಿದೀಯೇನಮ್ಮ? ನಾಳೆ ನಿನ್ನ ಕೆಲಸಕ್ಕೇ ಕುತ್ತು ಬರತ್ತೆ ಇದ್ರಿಂದ," ಅಂದರು. ಇದ್ದಾಗ ಸೇರಿಸಲಿಲ್ಲ ಸಾರ್, ಅದಕ್ಕೇ ಈಗ ಇಲ್ಲ ಅಂದೆ. ಕಾಗದವನ್ನು ಮೇಲಕ್ಕೆ ಕಳಿಸಿದ್ದಾರೆ. ಏನಾಗುತ್ತದೋ ನೋಡೋಣ.

ಒಂದು ಬೇಡಿಕೆ ಇದೆ. ಆ ಆರು ಜನ ಇನ್ನೂ ಇದ್ದಾರಲ್ಲ. ಚಿಮಣಿಯ ಬುಡದಲ್ಲಿ ಮತ್ತೊಮ್ಮೆ ಕಾಕಂಬಿ, ಮಸಿ ಕಲಸಿ ಕೈ ಒತ್ತಲಿ. ಅನುಮತಿ ನಾನು ತರುತ್ತೇನೆ, ಹೇಗಾದರೂ ತರುತ್ತೇನೆ. ಕೇಳಿ ನೋಡಿ.

ನಿಮ್ಮ ಸಿತಿ


ಕಾಲಿಲೆಗಿ
15 ಅಕ್ಟೋಬರ್ 1994

ಸಿತಿ ಮಗಳೇ,

ಮಳೆ ಈ ಸಲ ಬೇಗ ಹಿಡಿಯಿತು. ಐದು ದಿನ ಬಿಡದೆ ಹೊಯ್ದರೂ ಚಿಮಣಿ ಅಲುಗಲಿಲ್ಲ. ದಿನಾ ಬೆಳಿಗ್ಗೆ ನೂಲುಗುಂಡು ಇಳಿಬಿಟ್ಟು ನೋಡುತ್ತಿದ್ದೇನೆ, ಕೂದಲೆಳೆಯಷ್ಟೂ ಸರಿದಿಲ್ಲ. ಶಾಲೆ ನಡೆಯುತ್ತಿದೆ.

ನಿನ್ನ ಬೇಡಿಕೆಯನ್ನು ಜುಮಿನೆಮ್‌ಗೆ ಓದಿ ಹೇಳಿದೆ. ಅವಳು ಸೋಯಾ ಕಾಳಿನ ತೆಂಪೆ ಕರಿಯುತ್ತಿದ್ದಳು, ಬಾಣಲೆಯಿಂದ ತಲೆ ಎತ್ತಲಿಲ್ಲ. "ಅದು ಜನ್ಮಕ್ಕೆ ಒಂದ್ಸಲ ಇಡೋದು ಪಾಕ್. ಇಟ್ಟಾಯ್ತು. ನಿನ್ ಮಗಳ ಸಮಾಧಾನಕ್ಕೆ ಅಂತ ಇನ್ನೊಂದ್ಸಲ ಇಡಕ್ಕಾಗಲ್ಲ. ನಮ್ ಕೈ ಎಲ್ಲೂ ಹೋಗಿಲ್ಲ, ಅದ್ರೊಳಗೇ ಐತೆ. ಬೇಕಾದ್ರೆ ಹಂಗಂತ ಬರ್ಕೊಳ್ಳಲಿ," ಅಂದಳು. ಆಮೇಲೆ, "ಬಂದ್ರೆ ನಮ್ಮನೇಲೇ ಉಂಡು ಹೋಗಬೇಕು ಅಂತ ಹೇಳು. ಅವಳವ್ವಂಗೆ ಖಾರ ಆಗ್ತಿರಲಿಲ್ಲ, ಇವಳಿಗೆ ಹೆಂಗೋ," ಎಂದೂ ಸೇರಿಸಿದಳು. ಕೋಪವಿಲ್ಲ. ಆದರೆ ಇಡುವುದಿಲ್ಲ.

ಈಗ ನಾನು ಬರೆಯದೆ ಬಿಟ್ಟದ್ದೊಂದಿದೆ. ಎರಡು ತಿಂಗಳಿಂದ ಬರೆಯಲೋ ಬೇಡವೋ ಎಂದು ಒದ್ದಾಡಿದೆ.

ನಿನ್ನ ಇಬು ಪಾರ್ತಿನಿಯ ಮೂರು ಇಟ್ಟಿಗೆಗಳನ್ನು ಆ ದಿನ ನಾನು ಕುಟ್ಟುವ ದೋಣಿಗೆ ಹಾಕಲಿಲ್ಲ. ಸಾರೊಂಗಿನ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಮಂಚದ ಕೆಳಗೆ ಇಟ್ಟೆ. ಒಂದರ ಮೇಲೆ ಒಂದು ಹೊಂದಿಸಿಟ್ಟರೆ ಸೊಟ್ಟ ಹೆಬ್ಬೆರಳು ಸಮೇತ ಕೈ ಪೂರ್ತಿ ಕಾಣುತ್ತಿತ್ತು. ಒಂಬತ್ತು ದಿನ ಇಟ್ಟುಕೊಂಡೆ. ನಿನಗೆ ಕೊಡಬೇಕೆಂದೇ ಇಟ್ಟಿದ್ದು, ಸುಳ್ಳಲ್ಲ. ಹತ್ತನೆಯ ದಿನ ಜುಮಿನೆಮ್ ಕಾಫಿಗೆಂದು ಬಂದಳು. ಬಗ್ಗಿ ಚಾಪೆ ಎಳೆದುಕೊಳ್ಳುವಾಗ ಅದನ್ನು ಕಂಡಳು. ತನ್ನ ಎರಡು ಅಂಗೈಗಳನ್ನು ಒಂದಾದ ಮೇಲೊಂದರಂತೆ ನೋಡಿಕೊಂಡಳು. ಇಟ್ಟಿಗೆಯ ಕೆಂಪು ಅವುಗಳ ಗೆರೆಗಳಿಂದ ಇನ್ನೂ ಹೋಗಿರಲಿಲ್ಲ. ಕಾಫಿ ಕುಡಿದು ಎದ್ದು ಹೋದಳು.

ಅವರ ಕೈಗಳನ್ನು ಅವರಿಂದಲೇ ಕುಟ್ಟಿಸಿ ನನ್ನ ಹೆಂಡತಿಯದನ್ನು ಮಂಚದ ಕೆಳಗೆ ಬಚ್ಚಿಟ್ಟುಕೊಂಡವನು ನಾನು. ನಾಚಿಕೆಯಿಂದ ಸತ್ತುಹೋದೆ. ಮಾರನೆಯ ದಿನ ಮೂರನ್ನೂ ಅಂಗಳಕ್ಕೆ ತಂದು, ಆರು ಜನರ ಎದುರಿಗೆ, ನಾನೇ ಕುಟ್ಟಿದೆ. ಯಾರೂ ಬೇಡವೆನ್ನಲಿಲ್ಲ. ಪೈಯೆಮ್ ಜರಡಿ ಹಿಡಿದಳು.

ಆ ಪುಡಿ ಅರ್ಧ ಡಬ್ಬ ಆಯಿತು. ಅದನ್ನು ರಕಿಮಿನ್‌ಗೆ ಕೊಟ್ಟು ಎಲ್ಲಿ ತುಂಬಬೇಕೆಂದು ಹೇಳಿದೆ. ಎಲ್ಲಿ ಎಂಬುದು ನಮ್ಮಿಬ್ಬರಿಗೇ ಗೊತ್ತು. ಮಸಿ, ಕಾಕಂಬಿ ಇದ್ದದ್ದಕ್ಕೋ ಏನೋ ಅಲ್ಲಿ ಬಣ್ಣ ಒಂದು ಚೂರು ಕಪ್ಪು ತಿರುಗಿದೆ. ನೀನು ಬಂದರೆ ತೋರಿಸಬೇಕಾಗಿಲ್ಲ, ನಿನಗೇ ಕಾಣುತ್ತದೆ. ಕೈ ಇಡಬೇಕೆನ್ನಿಸಿದರೆ ಇಡು. ಬಿಸಿಲು ಬಿದ್ದ ದಿನ ಅದೂ ಬೆಚ್ಚಗಿರುತ್ತದೆ.

ಆದರೆ ಅದನ್ನು ನಿನ್ನ ಪಟ್ಟಿಯಲ್ಲಿ ಬರೆಯಬೇಡ ಮಗಳೇ. ಅವಳದೊಂದನ್ನು ಬರೆದರೆ ಉಳಿದ ಎಪ್ಪತ್ತೆರಡು ಮತ್ತೆ ಬಿಟ್ಟುಹೋಗುತ್ತವೆ.

ನಿನ್ನ ದಾರಿ ನೋಡುತ್ತ,
ಬಾಪಾಕ್